ಕೋವಿ: ಕಟ್ಟಿಸುವುದೋ, ಕೊಳ್ಳುವುದೋ?

ಸಾಫ್ಟ್‌ವೇರ್ ಕಂಪನಿಗಳಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ನಡೆಯುವ ಜಗಳ ಒಂದಿದೆ. ಬೇಕಾದ ತಂತ್ರಾಂಶವನ್ನು ನಾವೇ ಕೂತು ಬರೆಯುವುದೋ, ಸಿದ್ಧವಾಗಿ ಸಿಗುವುದನ್ನು ದುಡ್ಡು ಕೊಟ್ಟು ತರುವುದೋ? ಎಂಜಿನಿಯರುಗಳಿಗೆ ಸದಾ ಬರೆಯುವ ಆಸೆ, ಲೆಕ್ಕಪತ್ರದವರಿಗೆ ಸದಾ ಕೊಳ್ಳುವ ಆಸೆ. ಹದಿನೈದು ವರ್ಷದಿಂದ ಓಎಂಆರ್ ರಸ್ತೆಯ ಎ.ಸಿ. ಕೋಣೆಗಳಲ್ಲಿ ಈ ಜಗಳದ ಎರಡೂ ಕಡೆ ಕೂತಿದ್ದೇನೆ. ಈ ವರ್ಷ ಅದು ನಮ್ಮ ಮನೆಯ ಊಟದ ಮೇಜಿಗೇ ಬಂತು. ವಿಷಯ ಮಾತ್ರ ತಂತ್ರಾಂಶವಲ್ಲ, ಗುರಿ ಹೊಡೆಯುವ ರೈಫಲ್.

"ಮದ್ರಾಸಿನಲ್ಲಿ ಕೋವಿ ಯಾಕೋ ನಿಂಗೆ?" ಎಂದು ಹಾಸನದಿಂದ ಅಮ್ಮ ಗಾಬರಿಯಾಗಿ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ಇದು ಗಾಳಿಯ ಒತ್ತಡದಿಂದ 4.5 ಮಿ.ಮೀ. ಸೀಸದ ಪೆಲೆಟ್ ಹಾರಿಸುವ ಏರ್ ರೈಫಲ್. ಹತ್ತು ಮೀಟರ್ ದೂರದ ಕಾಗದ ಅಥವಾ ಎಲೆಕ್ಟ್ರಾನಿಕ್ ಗುರಿಗೆ ಹೊಡೆಯುವುದು. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು, ಇದೇ ಚೆನ್ನೈನಲ್ಲಿ ಹುಟ್ಟಿದ ಗಗನ್ ನಾರಂಗ್ 2012ರಲ್ಲಿ ಕಂಚು ಗೆದ್ದದ್ದು ಇದರಲ್ಲೇ. ಹೊಡೆಯುವವಳು ನಾನಲ್ಲ, ಹದಿಮೂರರ ನನ್ನ ಮಗಳು. ಎರಡು ವರ್ಷದಿಂದ ರೇಂಜಿನ ರೈಫಲನ್ನೇ ಸರದಿಯಲ್ಲಿ ಬಳಸುತ್ತಿದ್ದಳು. ಇನ್ನು ಸ್ವಂತದ್ದು ಬೇಕು ಎಂದು ಕೋಚ್ ಹೇಳಿದ ದಿನದಿಂದ ಮನೆಯಲ್ಲಿ ಲೆಕ್ಕಾಚಾರ ಶುರು.

ಚೆನ್ನೈನಲ್ಲಿ ಈ ಆಟ ಹೊಸದೇನಲ್ಲ. ಎಗ್ಮೋರಿನ ಹಳೆಯ ಪೊಲೀಸ್ ಕಮಿಷನರ್ ಕಚೇರಿಯ ಆವರಣದಲ್ಲಿ ರೈಫಲ್ ಕ್ಲಬ್ ಇದೆ. ನಟ ಅಜಿತ್ ಅಲ್ಲಿ ಅಭ್ಯಾಸ ಮಾಡಿದ್ದಾರೆ. 2021ರಲ್ಲಿ ಅವರು ಬಾಡಿಗೆ ಕಾರು ಹತ್ತಿ ಕಮಿಷನರ್ ಕಚೇರಿಗೆ ಹೋಗಬೇಕು ಎಂದಾಗ ಚಾಲಕ ವೇಪೇರಿಯ ಹೊಸ ಕಚೇರಿಗೆ ಕರೆದೊಯ್ದು, ಅಲ್ಲಿ ಜನ ಮುತ್ತಿ ಸೆಲ್ಫಿ ತೆಗೆದುಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅದಾದ ಮೇಲೆ ಆಫೀಸಿನಲ್ಲಿ ನನ್ನ ಮಗಳು ಶೂಟಿಂಗ್‌ಗೆ ಹೋಗುತ್ತಾಳೆ ಎಂದರೆ "ಯಾವ ಪಡಂ?" ಎಂದು ಕೇಳುವವರು ಕಡಿಮೆಯಾಗಿದ್ದಾರೆ.

ನಮ್ಮ ಸಮಸ್ಯೆಗೆ ಒಂದು ವಿಶೇಷ ಗಂಟಿದೆ. ಮಗಳು ಬಲಗೈಯವಳು, ಆದರೆ ಎಡಗಣ್ಣಿನವಳು. ನೀವೂ ನೋಡಿಕೊಳ್ಳಬಹುದು: ಎರಡೂ ಅಂಗೈ ಚಾಚಿ ನಡುವೆ ಪುಟ್ಟ ಕಿಂಡಿ ಬಿಟ್ಟು ದೂರದ ಗಡಿಯಾರವನ್ನು ಅದರೊಳಗೆ ಹಿಡಿಯಿರಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವವರು ಕಡಿಮೆಯೇನಲ್ಲ. ಕೆಲವು ಕೋಚ್‌ಗಳು ಒಂದು ಕಣ್ಣಿಗೆ ಮರೆಪಟ್ಟಿ ಕಟ್ಟಿ ಬಲಭುಜದಲ್ಲೇ ಮುಂದುವರಿಸುತ್ತಾರೆ. ನಮ್ಮ ಕೋಚ್ ಮೊದಲ ವಾರವೇ ಎಡಭುಜಕ್ಕೆ ಬದಲಿಸಿದರು. ಅದು ಸರಿಯೆಂದೇ ನನಗೂ ಅನ್ನಿಸುತ್ತದೆ. ಆದರೆ ರೇಂಜಿನಲ್ಲಿರುವ ರೈಫಲ್‌ಗಳೆಲ್ಲ ಬಲಗೈಯವರಿಗೆ ಮಾಡಿದವು. ಹಿಡಿಕೆಯ ಉಬ್ಬು ತಪ್ಪು ಕಡೆ, ಕೆನ್ನೆಯ ಆಸರೆ ತಪ್ಪು ಕಡೆ, ಪೆಲೆಟ್ ಹಾಕುವ ಸನ್ನೆ ತಪ್ಪು ಕಡೆ. ಅಭ್ಯಾಸ ಮುಗಿಸಿ ಮನೆಗೆ ಬಂದವಳು ನೆಲದ ಮೇಲೆ ಚಪ್ಪಟೆಯಾಗಿ ಮಲಗಿ "ಬೆನ್ನು" ಎನ್ನುತ್ತಿದ್ದಳು. ಹದಿಮೂರರ ಬೆನ್ನು ಇನ್ನೂ ಬೆಳೆಯುತ್ತಿರುವ ಬೆನ್ನು. ದುಡ್ಡಿನ ಲೆಕ್ಕಕ್ಕಿಂತ ನನ್ನನ್ನು ಕಾಡಿದ್ದು ಅದು.

ಮೇಜಿನ ಮೇಲೆ ಎರಡು ದಾರಿಗಳಿದ್ದವು. ಒಂದು, ಜರ್ಮನ್ ಕಾರ್ಖಾನೆಯ ಎಡಗೈ ಮಾದರಿಯ ಹೊಸ ರೈಫಲ್. ನಮಗೆ ಸಿಕ್ಕ ಲೆಕ್ಕದಲ್ಲಿ ಸುಮಾರು ಎರಡು ಮುಕ್ಕಾಲು ಲಕ್ಷ. ಇನ್ನೊಂದು, ಹಳೆಯ ಬಲಗೈ ರೈಫಲ್ ಒಂದನ್ನು ಅಗ್ಗಕ್ಕೆ ಕೊಂಡು, ಅದರ ನಳಿಕೆ ಮತ್ತು ಯಂತ್ರಭಾಗವನ್ನು ಹಾಗೇ ಇಟ್ಟುಕೊಂಡು, ಮಗಳ ಮೈ ಅಳತೆಗೆ ಹೊಸ ಮರದ ಸ್ಟಾಕ್ ಕೆತ್ತಿಸುವುದು. ಒಂದೂವರೆ ಲಕ್ಷದೊಳಗೆ ಮುಗಿಯುತ್ತಿತ್ತು. ನನ್ನೊಳಗಿನ ಎಂಜಿನಿಯರ್ ಎರಡನೆಯದರ ಕಡೆ ವಾಲಿದ್ದು ನಿಮಗೆ ಆಶ್ಚರ್ಯವೇನಲ್ಲ.

ಕಟ್ಟಿಸುವುದು ಎಂದರೆ ಏನು ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಟೆಕ್ಸಾಸ್‌ನಲ್ಲಿರುವ ನನ್ನ ಸಹಪಾಠಿಯೊಬ್ಬ ಅಲ್ಲಿ ದೂರದ ಗುರಿಯ ರೈಫಲ್ ಕಟ್ಟಿಸುತ್ತಿದ್ದಾನೆ. ಆಕ್ಷನ್ ಒಬ್ಬರದು, ನಳಿಕೆ ಇನ್ನೊಬ್ಬರದು, ಟ್ರಿಗರ್ ಮತ್ತೊಬ್ಬರದು, ಸ್ಟಾಕ್ ಮಗದೊಬ್ಬರದು. 1962ರಲ್ಲಿ ಬಂದ ರೆಮಿಂಗ್ಟನ್ 700 ಮಾದರಿಯ ಅಳತೆಯೇ ಅಲ್ಲಿ ಒಂದು ಪ್ರಮಾಣವಾಗಿಬಿಟ್ಟಿದೆ, ನಮ್ಮ ಯುಎಸ್‌ಬಿ ಇದ್ದ ಹಾಗೆ. ಅದಕ್ಕೆ ಹೊಂದುವ ಬಿಡಿಭಾಗ ಮಾಡುವವರು ಬೇಕಾದಷ್ಟು. ಒಂದು ಕಾಲದಲ್ಲಿ ಕಾರ್ಖಾನೆಯ ರೈಫಲ್ 100 ಗಜಕ್ಕೆ ಒಂದಂಗುಲದೊಳಗೆ ಗುಂಡುಗಳನ್ನು ಗುಂಪು ಮಾಡಿದರೆ ಅದೇ ಹಬ್ಬ. ಅದಕ್ಕಿಂತ ಚೆನ್ನಾಗಿ ಬೇಕಿದ್ದವರು ಕಟ್ಟಿಸಲೇಬೇಕಿತ್ತು. ಈಗ ಹಾಗಿಲ್ಲ. ಗಣಕಯಂತ್ರ ನಡೆಸುವ ಕಡೆಯುವ ಯಂತ್ರಗಳು ಬಂದಮೇಲೆ ಆ ಅಂತರ ಕರಗಿದೆ. 2015ರಲ್ಲಿ ರೂಗರ್ ಕಂಪನಿ 1,399 ಡಾಲರ್ ಮುಖಬೆಲೆಗೆ ಬಿಟ್ಟ ಪ್ರಿಸಿಷನ್ ರೈಫಲ್, ಕಟ್ಟಿಸುವವರ ವಾದದ ಅರ್ಧ ಗಾಳಿ ತೆಗೆಯಿತು. ಗೆಳೆಯನೂ ಇದನ್ನು ಒಪ್ಪುತ್ತಾನೆ. "ಆದರೂ ಇದು ನಂದು ಮಾರಾಯ" ಎನ್ನುತ್ತಾನೆ. ಅದು ಲೆಕ್ಕಕ್ಕೆ ಸಿಗುವ ಮಾತಲ್ಲ. ನಾನು ವಾದಿಸಲು ಹೋಗಲಿಲ್ಲ.

ನಮ್ಮಲ್ಲಿ ಅವನಂತೆ ಕಟ್ಟಿಸಲು ಹೊರಟರೆ ರೇಂಜಿಗಲ್ಲ, ಜೈಲಿಗೆ ದಾರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕಷ್ಟೇ ಅಲ್ಲ, ಅದನ್ನು ಮಾರುವುದು, ರಿಪೇರಿ ಮಾಡುವುದು, ಮಾರ್ಪಡಿಸುವುದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸಜೆ. ಏರ್ ರೈಫಲ್ ಮಾತ್ರ ಇದರಿಂದ ಸ್ವಲ್ಪ ಹೊರಗೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆ .177 ಅಂಗುಲ, ಎಂದರೆ 4.5 ಮಿ.ಮೀ. ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲಿನ ಪೆಲೆಟ್ ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೊರಡುತ್ತದೆ. ಅರ್ಧ ಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ ಎಂಟು ಜೂಲಿನ ಆಸುಪಾಸು. ಕಾಗದಕ್ಕೆ ತೂತು ಮಾಡಲು ಅಷ್ಟು ಧಾರಾಳವಾಯಿತು. ಶಕ್ತಿ ಹೆಚ್ಚಿಸಿಕೊಡುತ್ತೇನೆ ಎನ್ನುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇರುತ್ತಾರೆ; ಗುರಿಯಾಟಕ್ಕೆ ಅದರಿಂದ ನಯಾಪೈಸೆ ಲಾಭವಿಲ್ಲ, 20 ಜೂಲ್ ದಾಟಿದರೆ ಕಾನೂನಿನ ಗೆರೆಯೂ ದಾಟಿದಂತೆ.

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತಲ್ಲ" ಎಂದು ನೀವು ಕೇಳಬಹುದು. ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ತಯಾರಿಸುವುದಕ್ಕಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನು ಪೂಜೆಗಿಟ್ಟು ತೋಕ್ ಪೂ ಮುಡಿಸಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿದವರಿಗೆ ಅಲ್ಲಿ ಈ ಆಟ ಎಷ್ಟು ಹಳತು ಎಂದು ಗೊತ್ತು. (ಆ ತೋಕ್ ಪೂ, ನಮ್ಮ ಅಗ್ನಿಶಿಖೆ, ಇಲ್ಲಿ ಸೆಂಗಾಂದಳ್ ಎಂಬ ಹೆಸರಿನಲ್ಲಿ ತಮಿಳುನಾಡಿನ ರಾಜ್ಯಪುಷ್ಪ. ಹೊರನಾಡಿನಲ್ಲಿ ಇರುವವರಿಗೆ ಇಂಥ ಸಂಬಂಧಗಳು ಕಂಡಾಗ ಒಂದು ಖುಷಿ.) ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಕೊಡವ ಗೆಳೆಯನಿಗೆ ಮಗಳ ಸಮಸ್ಯೆ ಹೇಳಿದೆ. ಅವನು ನಕ್ಕ. "ನಮ್ಮ ಮನೇಲಿ ತಾತನ ಕೋವಿಗೆ ಮೈ ಹೊಂದಿಸ್ಕೊಂಡೇ ಕಲಿತದ್ದು. ಕೋವೀನ ಮೈಗೆ ಹೊಂದಿಸೋದು ನಿಮ್ಮ ಕಾಲದ ಮಾತು" ಎಂದ. ತೆಂಗಿನಕಾಯಿಗೆ ಒಂದು ಗುಂಡು ಹೊಡೆಯುವಾಗ ಅದು ಸರಿ. ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಒಂದೂಕಾಲು ಗಂಟೆಯಲ್ಲಿ 60 ಗುಂಡು ಹೊಡೆಯಬೇಕು. ಅಷ್ಟು ಹೊತ್ತು ಮೈಯನ್ನು ಕೋವಿಗೆ ಒಗ್ಗಿಸಿ ನಿಲ್ಲುವುದು ಬೇರೆಯೇ ಕಥೆ.

ಲೆಕ್ಕ ಮಾಡಿ ನೋಡಿ. ಏರ್ ರೈಫಲ್ ಗುರಿಯ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ.; ಅದರ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ಅಂಕಗಳನ್ನು ಈಗ ದಶಮಾಂಶದಲ್ಲಿ ಎಣಿಸುತ್ತಾರೆ, ಒಂದು ಗುಂಡಿಗೆ ಗರಿಷ್ಠ 10.9. ಪೆಲೆಟ್ ನಡುವಿನಿಂದ ಕಾಲು ಮಿ.ಮೀ. ಆಚೆ ಸರಿದಂತೆಲ್ಲ 0.1 ಅಂಕ ಹೋಗುತ್ತದೆ. ಮುಂದಿನ ಗುರಿಸೂಚಕಕ್ಕೂ ಹಿಂದಿನದಕ್ಕೂ ನಡುವೆ 80 ಸೆಂ.ಮೀ. ಇದ್ದು, ಅವೆರಡರ ಹೊಂದಾಣಿಕೆ ಒಂದು ಕೂದಲೆಳೆಯಷ್ಟು, ಎಂದರೆ 0.1 ಮಿ.ಮೀ., ತಪ್ಪಿದರೆ ಹತ್ತು ಮೀಟರ್ ಆಚೆ ಅದು 1.25 ಮಿ.ಮೀ. ಆಗುತ್ತದೆ. ಅರ್ಧ ಅಂಕ ಹೋಯಿತು. ಹೀಗೆ ತಪ್ಪುವುದು ನಳಿಕೆಯಿಂದಲ್ಲ. ಒಳ್ಳೆಯ ಕಾರ್ಖಾನೆಯ ರೈಫಲನ್ನು ಹಿಡಿಕಟ್ಟಿನಲ್ಲಿ ಬಿಗಿದು ಹೊಡೆದರೆ ಐದು ಪೆಲೆಟ್ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗುತ್ತವೆ. ಅದರ ಸಾಕ್ಷಿಯಾಗಿ ಪರೀಕ್ಷೆಯ ಚೀಟಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಕಳಿಸುತ್ತಾರೆ. ಕೂದಲೆಳೆ ತಪ್ಪುವುದು ಕೆನ್ನೆ ಆಸರೆಯ ಮೇಲೆ ಪ್ರತಿಸಲ ಒಂದೇ ಜಾಗಕ್ಕೆ ಬಂದು ಕೂರದಿದ್ದಾಗ, ಕತ್ತು ಬಗ್ಗಿಸಬೇಕಾಗಿ ಬಂದಾಗ, ಬೆರಳು ಟ್ರಿಗರಿಗೆ ಓರೆಯಾಗಿ ಬಿದ್ದಾಗ. ಹಾಗಾಗಿ ನಮ್ಮ ಪ್ರಶ್ನೆ ಇಡೀ ರೈಫಲ್ ಕಟ್ಟಿಸಬೇಕೇ ಎಂಬುದಾಗಿ ಉಳಿಯಲಿಲ್ಲ. ಮಗಳ ಕೆನ್ನೆ, ಭುಜ, ಅಂಗೈ ತಾಗುವ ಮೂರು ಜಾಗಗಳನ್ನು ಯಾರು ಮಾಡಬೇಕು ಎಂಬಷ್ಟಕ್ಕೆ ಇಳಿಯಿತು.

ಆ ಕಾರ್ಖಾನೆಗಳ ಬಗ್ಗೆ ಎರಡು ಮಾತು. ಆನ್‌ಶುಟ್ಸ್ ಶುರುವಾದದ್ದು 1856ರಲ್ಲಿ, ವಾಲ್ಥರ್ 1886ರಲ್ಲಿ. ಎರಡನೇ ಮಹಾಯುದ್ಧದ ನಂತರ ಎರಡೂ ಜರ್ಮನಿಯ ಉಲ್ಮ್ ಊರಿಗೆ ಬಂದು ನೆಲೆಸಿದವು. ಐನ್‌ಸ್ಟೈನ್ ಹುಟ್ಟಿದ ಊರು ಅದು. ಫೈನ್‌ವೆರ್ಕ್‌ಬಾವ್ ಓಬರ್ನ್‌ಡಾರ್ಫ್‌ನದು, ಮೌಸರ್‌ನಲ್ಲಿ ಕೆಲಸ ಮಾಡಿದ್ದ ಎಂಜಿನಿಯರುಗಳು ಕಟ್ಟಿದ್ದು. ಹೊಸಬರಿಗೆ ಸಾಲುವಂಥ ಏರ್ ರೈಫಲ್‌ಗಳನ್ನು ಈಗ ನಮ್ಮ ದೇಶದಲ್ಲೇ ಪ್ರೆಸಿಹೋಲ್ ಮಾಡುತ್ತದೆ. ಲೋಹದಲ್ಲಿ ಉದ್ದುದ್ದ ತೂತು ಕೊರೆಯುವ ಯಂತ್ರಗಳನ್ನು ಮಾಡುತ್ತಿದ್ದವರು ನಳಿಕೆ ಮಾಡುವುದಕ್ಕೆ ಇಳಿದದ್ದು ಸಹಜವೇ. ಮಗಳು ಮೊದಲ ವರ್ಷ ಕಲಿತದ್ದೂ ದೇಶೀಯ ರೈಫಲಿನಲ್ಲಿ. ಅದರ ಬಗ್ಗೆ ದೂರಿಲ್ಲ.

ಇನ್ನು ಮರ ಕೆತ್ತಿಸುವ ಯೋಜನೆಗೆ ಬರೋಣ. ಕೆತ್ತುವವರು ಸಿಕ್ಕಿದ್ದರು, ಒಳ್ಳೆಯ ಕೆಲಸಗಾರರೇ. ಆದರೆ ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತ ಹೋದಂತೆ ಮೂರು ಸಾಲುಗಳು ನನ್ನನ್ನು ನಿಲ್ಲಿಸಿದವು.

ಮೊದಲನೆಯದು ಬೆಳವಣಿಗೆ. ಈ ವಯಸ್ಸಿನ ಹುಡುಗಿಯರು ವರ್ಷದಲ್ಲಿ ಐದಾರು ಸೆಂ.ಮೀ. ಎತ್ತರವಾಗುವುದುಂಟು. ತೋಳು ಉದ್ದವಾದರೆ ಸ್ಟಾಕಿನ ಉದ್ದವೂ ಬದಲಾಗಬೇಕು. ಇವತ್ತಿನ ಅಳತೆಗೆ ಕೆತ್ತಿದ ಮರ ಮುಂದಿನ ವರ್ಷಕ್ಕೆ ಅಂಗಿ ಗಿಡ್ಡವಾದಂತೆ ಗಿಡ್ಡ. ಕಾರ್ಖಾನೆಯ ಅಲ್ಯೂಮಿನಿಯಂ ಸ್ಟಾಕಿನಲ್ಲಾದರೋ ಹಿಂಬದಿಯ ಭುಜಪಟ್ಟಿ, ಕೆನ್ನೆಯ ಆಸರೆ, ಅಂಗೈ ಹಿಡಿಕೆ ಎಲ್ಲವೂ ಅಲೆನ್ ಕೀಲಿಯ ಎರಡು ತಿರುವಿನಲ್ಲಿ ಜರುಗುತ್ತವೆ. ಚೆನ್ನೈನ ತೇವದ ಗಾಳಿಗೆ ಮರ ಉಬ್ಬುವುದನ್ನೂ ಇದಕ್ಕೆ ಸೇರಿಸಿ. ನವೆಂಬರ್ ಮಳೆಯಲ್ಲಿ ನಮ್ಮ ಮನೆಯ ಬಾಗಿಲೇ ಚೌಕಟ್ಟಿಗೆ ಕೂರುವುದಿಲ್ಲ.

ಎರಡನೆಯದು ಬಿಡಿಭಾಗ. ರಿಯೋ ಒಲಿಂಪಿಕ್ಸ್‌ನಲ್ಲಿ, 2016ರಲ್ಲಿ, ಫೈನಲ್‌ಗೆ ಸ್ವಲ್ಪ ಮೊದಲು ಬಿಂದ್ರಾ ಅವರ ರೈಫಲ್ ಕೆಳಗೆ ಬಿದ್ದು ಗುರಿಸೂಚಕ ಮುರಿಯಿತು. ಬದಲಿ ಹಾಕಿಕೊಂಡು ನಾಲ್ಕನೆಯವರಾದರು, ಕಂಚು ಕೂದಲೆಳೆಯಲ್ಲಿ ತಪ್ಪಿತು. ನಾನು ಈ ಘಟನೆಯನ್ನು ಓದುವುದು ಹೀಗೆ: ಬದಲಿ ಹಾಕಲು ಸಾಧ್ಯವಾದದ್ದೇ ಅದು ಅಳತೆ ತಪ್ಪದೆ ಸಾವಿರಗಟ್ಟಲೆ ತಯಾರಾಗುವ ಭಾಗ ಎಂಬ ಕಾರಣಕ್ಕೆ. ಬೀಜಿಂಗ್‌ನಲ್ಲೂ ಫೈನಲ್‌ಗೆ ಮುಂಚೆ ತಮ್ಮ ಗುರಿಸೂಚಕ ಇದ್ದಂತೆ ಇರಲಿಲ್ಲ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಾಬರಿಯಾಗದೆ ತಿರುಗಿ ಹೊಂದಿಸಿಕೊಂಡು 700.5 ಅಂಕಕ್ಕೆ ಚಿನ್ನ ತಂದರು. ಕೈಯಿಂದ ಮಾಡಿದ ಒಂದೇ ಒಂದು ಭಾಗ ಭೋಪಾಲದಲ್ಲೋ ದೆಹಲಿಯಲ್ಲೋ ಸ್ಪರ್ಧೆಯ ಬೆಳಿಗ್ಗೆ ಮುರಿದರೆ ಅದನ್ನು ಮಾಡಿದವರು ಚೆನ್ನೈನಲ್ಲಿ ಇರುತ್ತಾರೆ.

ಮೂರನೆಯದು ಮರುಮಾರಾಟ. ಇದನ್ನು ಬರೆಯಲು ಸ್ವಲ್ಪ ಮುಜುಗರ, ಆದರೂ ಹೇಳಲೇಬೇಕು. ಹದಿಮೂರಕ್ಕೆ ಹುಚ್ಚು ಹಿಡಿದದ್ದು ಹದಿನಾರಕ್ಕೆ ಬಿಡಬಹುದು. ಹತ್ತನೇ ತರಗತಿ, ಆಮೇಲೆ ಪ್ಲಸ್ ಟೂ, ಜೊತೆಗೆ ನೀಟ್, ಜೆಇಇ. ಈ ಊರಿನಲ್ಲಿ ಎಷ್ಟೋ ಮಕ್ಕಳ ಆಟ ಅಲ್ಲಿಗೆ ನಿಂತದ್ದನ್ನು ನೋಡಿದ್ದೇನೆ. ನನ್ನ ಹೆಂಡತಿ ಕೇಳಿದ ಪ್ರಶ್ನೆಯೇ ಅದು: "ಅವಳು ಬಿಟ್ಟರೆ?" ಕಾರ್ಖಾನೆಯ ರೈಫಲ್ ಆದರೆ ಇನ್ನೊಂದು ಮಗು ಕೊಳ್ಳುತ್ತದೆ. ಇವಳೊಬ್ಬಳ ಎಡಗೈ, ಎಡಗೆನ್ನೆ, ಹದಿಮೂರನೇ ವಯಸ್ಸಿನ ಭುಜಕ್ಕೆ ಕೆತ್ತಿದ್ದನ್ನು ಯಾರು ಕೊಳ್ಳುತ್ತಾರೆ? ಬಿಡುವುದಕ್ಕೂ ಸುಲಭವಾಗಿರಲಿ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಮನೆಯ ಸಾಲದ ಮೇಲೆ ಎರಡು ಮುಕ್ಕಾಲು ಲಕ್ಷದ ವಸ್ತು ಮಗಳ ಮೇಲೆ ಒಂದು ಭಾರವಾಗಿ ಕೂರಬಾರದು. ಇದನ್ನು ಅವಳ ಎದುರು ಮಾತಾಡಲಿಲ್ಲ.

ಕೊನೆಗೆ ಕೊಂಡದ್ದು ಹೊಸದನ್ನೂ ಅಲ್ಲ. ಕಾಲೇಜು ಸೇರಿದ ಎಡಗೈ ಹುಡುಗನೊಬ್ಬನ ಕಾರ್ಖಾನೆ ರೈಫಲ್ ಎರಡನೇ ಕೈಯಲ್ಲಿ ಸಿಕ್ಕಿತು, ಕೋಚ್ ಮುಖಾಂತರ, ಕಾಗದಪತ್ರ ಸಮೇತ. ಎಡಗೈ ಮಾದರಿ ಕೊಳ್ಳುವವರು ಕಡಿಮೆಯಾದ್ದರಿಂದ ಬೆಲೆಯೂ ಇಳಿದಿತ್ತು. ನೀವೂ ಹೀಗೆ ಕೊಳ್ಳುವುದಾದರೆ ಮೊದಲು ಗಾಳಿಯ ಸಿಲಿಂಡರಿನ ಮೇಲಿನ ದಿನಾಂಕ ನೋಡಿ. 200 ಬಾರ್ ಒತ್ತಡ ತುಂಬುವ ಆ ಸಿಲಿಂಡರಿಗೆ ತಯಾರಕರು ಕೊಡುವ ಆಯುಸ್ಸು ಹತ್ತು ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಗೆ ಒಯ್ಯಬೇಡಿ. ತುಂಬುವ ಗಾಳಿ ಒಣಗಿರಬೇಕು. ಸಮುದ್ರದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಪೆಲೆಟ್‌ಗಳ ತಲೆಯ ವ್ಯಾಸದಲ್ಲೂ 4.49, 4.50, 4.51 ಎಂದು ಬಗೆಗಳಿವೆ. ಯಾವ ನಳಿಕೆಗೆ ಯಾವುದು ಒಗ್ಗುತ್ತದೆಂದು ರೈಫಲನ್ನು ಬಿಗಿದು ಹೊಡೆದೇ ತಿಳಿಯಬೇಕು. ಹೊಸ ನಳಿಕೆಯಿಂದ ಸಿಗಬಹುದಾದ ಲಾಭದಲ್ಲಿ ಎಷ್ಟೋ ಪಾಲು ಸರಿಯಾದ ಡಬ್ಬಿ ಆರಿಸುವುದರಲ್ಲೇ ಸಿಗುತ್ತದೆ. ಪೆಲೆಟ್ ಸೀಸದ್ದು, ಮಕ್ಕಳು ಅಭ್ಯಾಸದ ನಂತರ ಕೈ ತೊಳೆಯದೆ ಬಿಸ್ಕತ್ತಿಗೆ ಕೈ ಹಾಕದಂತೆ ನೋಡಿಕೊಳ್ಳಿ.

ಉಳಿದ ದುಡ್ಡಿನಲ್ಲಿ ಅಳತೆ ಕೊಟ್ಟು ಮಾಡಿಸಿದ್ದು ಎರಡೇ. ಒಂದು ಶೂಟಿಂಗ್ ಜಾಕೆಟ್. ಬೆನ್ನಿಗೆ ಆಸರೆ ಕೊಡುವ, ನಿಲ್ಲಿಸಿದರೆ ತಾನೇ ನಿಲ್ಲುವಷ್ಟು ಬಿರುಸಾದ ದಪ್ಪ ಬಟ್ಟೆ. ಮೇ ತಿಂಗಳ ಚೆನ್ನೈನಲ್ಲಿ ಅದನ್ನು ತೊಟ್ಟು ನಿಲ್ಲುವ ಮಕ್ಕಳನ್ನು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಬಟ್ಟೆಯ ದಪ್ಪ 2.5 ಮಿ.ಮೀ. ಮೀರುವಂತಿಲ್ಲ, ಸ್ಪರ್ಧೆಗೆ ಮುಂಚೆ ಅಳೆದು ನೋಡುತ್ತಾರೆ. ಇನ್ನೊಂದು ಹಿಡಿಕೆ. ಅವಳ ಎಡಗೈ ಅಚ್ಚು ತೆಗೆದು, ಆಫೀಸಿನ ಗೆಳೆಯನೊಬ್ಬನ ತ್ರೀಡಿ ಪ್ರಿಂಟರಿನಲ್ಲಿ ನಾಲ್ಕು ಸಲ ಮಾಡಿ ನೋಡಿ, ಐದನೆಯದಕ್ಕೆ ಅವಳು "ಹ್ಞೂಂ" ಎಂದಳು. ನನ್ನೊಳಗಿನ ಎಂಜಿನಿಯರಿಗೂ ಅಷ್ಟು ಸಾಕಾಯಿತು. ಲೈಸೆನ್ಸ್ ಬೇಕಾದ .22 ರೈಫಲ್ ನಿಮ್ಮದಾಗಿದ್ದರೆ ಇಂಥ ಪ್ರಯೋಗಕ್ಕೆ ಮನೆಯಲ್ಲಿ ಕೈ ಹಾಕಬೇಡಿ, ಲೈಸೆನ್ಸ್ ಇರುವ ಆರ್ಮರರ್ ಬಳಿಗೇ ಒಯ್ಯಿರಿ. ಬೆಳವಣಿಗೆ ನಿಂತ, 50 ಮೀಟರ್ .22 ಆಡುವ, ಗಂಭೀರ ಸ್ಪರ್ಧಿಗಾದರೆ ನನ್ನ ಉತ್ತರವೂ ಬೇರೆ ಇರುತ್ತಿತ್ತು. ಸ್ವಿಟ್ಜರ್ಲೆಂಡಿನ ಬ್ಲೈಕರ್, ಗ್ರೂನಿಗ್ ಎಲ್ಮಿಗರ್‌ನಂಥ ಸಣ್ಣ ಕಾರ್ಯಾಗಾರಗಳಿಗೆ ಜನ ಸುಮ್ಮನೆ ದುಡ್ಡು ಸುರಿಯುವುದಿಲ್ಲ.

ರೈಫಲ್ ಬಂದು ಏಳು ತಿಂಗಳಾಯಿತು. ಭುಜಪಟ್ಟಿ ಜರುಗುವ ಸರಳಿನ ಮೇಲೆ ಮಿಲಿಮೀಟರ್ ಗೆರೆಗಳಿವೆ. ಬಂದ ದಿನ ಎಲ್ಲಿತ್ತೋ ಅಲ್ಲಿ ಅವಳು ಬಿಳಿ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟು ತಾರೀಖು ಬರೆದಳು. ಈಗ ಮೂರು ಚುಕ್ಕೆಗಳಿವೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಒಂಬತ್ತು ಮಿಲಿಮೀಟರ್. ಅಭ್ಯಾಸ ಮುಗಿಸಿ ಬಂದು ನೆಲದ ಮೇಲೆ ಮಲಗುವುದು ನಿಂತಿದೆ, ನೇರವಾಗಿ ಅಡುಗೆಮನೆಗೆ ಹೋಗಿ ಮೊಸರನ್ನ ಹುಡುಕುತ್ತಾಳೆ.